ಹೋಯ್ತು ಅಂದುಕೊಂಡ ಫೈಲ್ ಎಲ್ಲಿರುತ್ತದೆ? ಕಷ್ಟದ ಹೊತ್ತಲ್ಲಿ ಕೈ ಹಿಡಿದ ಕಂಪ್ಯೂಟರ್ ಉಪಾಯಗಳನ್ನು ಇಲ್ಲಿ ಬರೆಯಿರಿ

ವಿದ್ಯಾನಗರದ ಅಕ್ಕ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಕೂತು ಮೂರು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕೂತವಳು ಒಂದು ಬಟ್ಟೆ ಅಂಗಡಿಯ ಬಿಲ್ಲುಗಳನ್ನು ಎಕ್ಸೆಲ್‌ಗೆ ಏರಿಸುತ್ತಿದ್ದೆ. ಹೆಚ್ಚು ಕಡಿಮೆ 340 ಬಿಲ್ಲು. ಸಂಜೆ 6:20ಕ್ಕೆ ಜೋರು ಗಾಳಿ ಎದ್ದಿತು. ಕಿಟಕಿ ಹಾಕೋಣ ಅಂತ ಎದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಫೈಲಿಗೆ ಇನ್ನೂ ಹೆಸರನ್ನೇ ಕೊಟ್ಟಿರಲಿಲ್ಲ. ಮೇಲೆ ‘ಬುಕ್1’ ಅಂತಲೇ ಇತ್ತು.

ಕರೆಂಟ್ ಬಂದ ಮೇಲೆ ಎಕ್ಸೆಲ್ ತೆರೆದರೆ ಎಡಗಡೆ ಏನೋ ಒಂದು ಪಟ್ಟಿ ಬಂತು. ಗಾಬರಿಯಲ್ಲಿ ಓದದೇ ಕ್ಲೋಸ್ ಒತ್ತಿಬಿಟ್ಟೆ. ಆಮೇಲೆ ಅದು ಇನ್ನೊಂದು ಪ್ರಶ್ನೆ ಕೇಳಿತು, ಅದಕ್ಕೂ ಓಕೆ ಒತ್ತಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲಾ ಹುಡುಕಿದೆ. ಎಲ್ಲೂ ಇಲ್ಲ. ಲೆಕ್ಕ ನಾಳಿದ್ದು ಕೊಡಬೇಕು. ರಾತ್ರಿ ನಿದ್ದೆ ಬರಲಿಲ್ಲ.

ಗೊತ್ತಿದ್ದವರು ದಾರಿ ಹೇಳಿ. ಹಾಗೆಯೇ ಇಂಥ ಹೊತ್ತಿನಲ್ಲಿ ನಿಮಗೆ ಉಪಯೋಗಕ್ಕೆ ಬಂದ ಸಣ್ಣ ಸಣ್ಣ ಉಪಾಯಗಳನ್ನೂ ಬರೆಯಿರಿ. ನನ್ನಂತೆ ಕಲಿಸುವವರು ಯಾರೂ ಇಲ್ಲದೆ, ಕೆಲಸ ಮಾಡ್ತಾ ಮಾಡ್ತಾ ಕಲಿತವರು ಭಾಳ ಮಂದಿ ಇದ್ದೀವಿ.

ಕೇಶ್ವಾಪುರ ರಿಪೇರಿ, ಹುಬ್ಬಳ್ಳಿ

ಅಕ್ಕ, ಮೊದಲು ಒಂದು ಮಾತು. ಆ ಕಂಪ್ಯೂಟರಿನಲ್ಲಿ ಸದ್ಯಕ್ಕೆ ಯಾವ ಕ್ಲೀನರ್ ಪ್ರೋಗ್ರಾಮನ್ನೂ ಓಡಿಸಬೇಡಿ. ಟೆಂಪ್ ಫೈಲ್, ಅಂದರೆ ಪ್ರೋಗ್ರಾಮುಗಳು ತಾತ್ಕಾಲಿಕವಾಗಿ ಎತ್ತಿಡುವ ಫೈಲ್, ಅಳಿಸಲು ಹೋಗಬೇಡಿ. ನಿಮ್ಮ ಬಿಲ್ಲುಗಳು ಇನ್ನೂ ಒಳಗೇ ಇರುವ ಸಾಧ್ಯತೆ ಜಾಸ್ತಿ.

ನೀವು ಕ್ಲೋಸ್ ಮಾಡಿದ ಎಡಗಡೆಯ ಪಟ್ಟಿ ಇದೆಯಲ್ಲ, ಅದರ ಹೆಸರು ಡಾಕ್ಯುಮೆಂಟ್ ರಿಕವರಿ. ಅದನ್ನು ಮುಚ್ಚುವಾಗ ಎಕ್ಸೆಲ್ ಕೇಳುವುದು ಇಷ್ಟೇ: ಈ ಫೈಲುಗಳನ್ನು ಆಮೇಲೆ ನೋಡುತ್ತೀರಾ, ಇಲ್ಲಾ ತೆಗೆದುಹಾಕಲಾ? ‘ಆಮೇಲೆ ನೋಡುತ್ತೇನೆ’ ಅನ್ನುವುದರ ಮೇಲೆ ಗುರುತು ಇದ್ದಾಗ ಓಕೆ ಒತ್ತಿದ್ದರೆ, ಮುಂದಿನ ಸಲ ಎಕ್ಸೆಲ್ ತೆರೆದಾಗ ಆ ಪಟ್ಟಿ ಮತ್ತೆ ಬರುತ್ತದೆ.

ಬರಲಿಲ್ಲ ಅಂದರೆ ಹೀಗೆ ಹೋಗಿ: ಫೈಲ್, ಆಮೇಲೆ ಇನ್ಫೋ, ಅಲ್ಲಿ ಮ್ಯಾನೇಜ್ ವರ್ಕ್‌ಬುಕ್, ಅದರೊಳಗೆ ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್. ಒಂದು ಫೋಲ್ಡರ್ ತೆರೆಯುತ್ತದೆ. ಹೆಸರು ನೋಡಬೇಡಿ, ಹೆಸರು ವಿಚಿತ್ರವಾಗಿ ಇರುತ್ತದೆ. ನಿನ್ನೆಯ ತಾರೀಖು, ಸಂಜೆಯ ಸಮಯ ನೋಡಿ. ಸಿಕ್ಕ ಕೂಡಲೇ ಸೇವ್ ಆ್ಯಸ್ ಮಾಡಿ, ಬೇರೆ ಹೆಸರು ಕೊಡಿ. ಆಮೇಲೆ ಬೇಕಾದರೆ ಓದಿ.

ವರ್ಡ್‌ನಲ್ಲೂ ಇದೇ ದಾರಿ, ಅಲ್ಲಿ ಮ್ಯಾನೇಜ್ ಡಾಕ್ಯುಮೆಂಟ್ ಅಂತ ಇರುತ್ತದೆ. ಈ ಎರಡೂ ಪ್ರೋಗ್ರಾಮುಗಳು ನಾವು ಕೇಳದಿದ್ದರೂ 10 ನಿಮಿಷಕ್ಕೊಮ್ಮೆ ಒಂದು ಪ್ರತಿ ಎತ್ತಿಡುತ್ತವೆ. ಆ 10 ಅನ್ನು 2 ಮಾಡಿಕೊಳ್ಳಿ. ಫೈಲ್, ಆಪ್ಷನ್ಸ್, ಸೇವ್, ಅಲ್ಲಿ ಆಟೋರಿಕವರ್. ಎರಡು ನಿಮಿಷದ ಕೆಲಸ ಹೋದರೆ ಮತ್ತೆ ಮಾಡಬಹುದು, ಮಧ್ಯಾಹ್ನ ಪೂರ್ತಿ ಹೋದರೆ ಹೊಟ್ಟೆ ಉರಿಯುತ್ತದೆ.

ಸಪ್ತಾಪುರ ರೂಮ್ 7, ಧಾರವಾಡ

ನಾನು ಇಲ್ಲಿ ಪರೀಕ್ಷೆಗೆ ಓದುತ್ತಿರುವವನು. ನಮ್ಮ ರೂಮಿನಲ್ಲಿ ಮೂವರಿಗೆ ಒಂದೇ ಲ್ಯಾಪ್‌ಟಾಪ್. ಹಾಗಾಗಿ ಒಬ್ಬರು ತೆರೆದದ್ದನ್ನು ಇನ್ನೊಬ್ಬರು ಮುಚ್ಚುವುದು ದಿನಾ ನಡೆಯುತ್ತದೆ. ಬ್ರೌಸರಿನಲ್ಲಿ ಮುಚ್ಚಿದ ಟ್ಯಾಬ್ ವಾಪಸ್ ಬೇಕಾದರೆ ಕಂಟ್ರೋಲ್, ಶಿಫ್ಟ್, ಟಿ. ಮತ್ತೆ ಒತ್ತಿದರೆ ಅದಕ್ಕೂ ಮುಂಚೆ ಮುಚ್ಚಿದ್ದು ಬರುತ್ತದೆ. ಇದೊಂದು ಗೊತ್ತಾದ ಮೇಲೆ ನಮ್ಮ ರೂಮಿನಲ್ಲಿ ಜಗಳ ಕಡಿಮೆಯಾಗಿದೆ.

ಇನ್ನೊಂದು, ಕಾಪಿ ಮಾಡಿದ್ದು ಹೋಗುವ ಕಥೆ. ಒಂದನ್ನು ಕಾಪಿ ಮಾಡಿ, ಪೇಸ್ಟ್ ಮಾಡುವ ಮುಂಚೆ ಇನ್ನೊಂದನ್ನು ಕಾಪಿ ಮಾಡಿದರೆ ಮೊದಲಿನದು ಹೋಯ್ತು ಅಂದುಕೊಳ್ಳುತ್ತೇವೆ, ಅಲ್ವಾ? ಕಂಟ್ರೋಲ್ ವಿ ಬದಲು ವಿಂಡೋಸ್ ಕೀ ಹಿಡಿದು ವಿ ಒತ್ತಿ. ಮೊದಲ ಸಲ ಆನ್ ಮಾಡಲಾ ಅಂತ ಕೇಳುತ್ತದೆ, ಹೂಂ ಅನ್ನಿ. ಅಲ್ಲಿಂದ ಮುಂದೆ ಕಾಪಿ ಮಾಡಿದ ಕೊನೆಯ 25 ಸಂಗತಿಗಳು ಸಾಲಾಗಿ ಸಿಗುತ್ತವೆ. 2018ರ ಕೊನೆಯಿಂದ ವಿಂಡೋಸ್ 10ರಲ್ಲೇ ಇದು ಇದೆ. ನೋಟ್ಸ್ ಮಾಡುವಾಗ ನಾಲ್ಕು ಕಡೆಯಿಂದ ಸುಮ್ನೆ ಕಾಪಿ ಮಾಡುತ್ತಾ ಹೋಗುತ್ತೇನೆ, ಕೊನೆಗೆ ಒಂದೇ ಸಲ ಕೂತು ಪೇಸ್ಟ್ ಮಾಡುತ್ತೇನೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಪಟ್ಟಿ ಖಾಲಿ. ಪಿನ್ ಮಾಡಿದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ನನ್ನ ವಿಳಾಸ, ನೋಂದಣಿ ಸಂಖ್ಯೆ ಎರಡನ್ನೂ ಪಿನ್ ಮಾಡಿದ್ದೇನೆ. ಅರ್ಜಿ ತುಂಬುವಾಗ ಪ್ರತಿ ಸಲ ಟೈಪ್ ಮಾಡುವುದು ತಪ್ಪಿತು.

ಹಾವೇರಿ ಮೇಷ್ಟ್ರು

ರೂಮ್ 7 ಅವರೇ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಆ ಪಟ್ಟಿಯಲ್ಲಿ ನೀವು ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಕೂತಿರುತ್ತದೆ. ಮೂವರು ಬಳಸುವ ಲ್ಯಾಪ್‌ಟಾಪ್ ಅಂದಿರಿ. ಎದ್ದು ಹೋಗುವಾಗ ಅಲ್ಲೇ ಇರುವ ಕ್ಲಿಯರ್ ಆಲ್ ಒತ್ತಿ. ಪಿನ್ ಮಾಡಿದ್ದು ಹೋಗುವುದಿಲ್ಲ.

ಬ್ಯಾಡಗಿ ಲೆಕ್ಕ

ಅಕ್ಕನ ಸಂಕಟ ಓದಿ ನನ್ನದು ನೆನಪಾಯಿತು. ನಾನು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ರೈತರಿಗೆ ದುಡ್ಡು ಹಾಕಲು ಅವರ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ಹೊಡೆದಿಟ್ಟಿದ್ದೆ. 16 ಅಂಕಿಯ ಖಾತೆಗಳ ಕೊನೆಯ ಅಂಕಿ ಎಲ್ಲರದ್ದೂ ಸೊನ್ನೆ ಆಗಿತ್ತು! ನಾನೇ ತಪ್ಪು ಹೊಡೆದೆನೇನೋ ಅಂತ ಪಾಸ್‌ಬುಕ್ ಜೆರಾಕ್ಸ್ ತೆಗೆದು ಮತ್ತೆ ಹೊಡೆದೆ. ಎಂಟರ್ ಒತ್ತಿದ ಕೂಡಲೇ ಕಣ್ಣೆದುರೇ 7 ಹೋಗಿ 0 ಆಯಿತು.

ಎಕ್ಸೆಲ್ ಸಂಖ್ಯೆಯನ್ನು 15 ಅಂಕಿಯವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ. ಇದು ಮಾತ್ರ ಎಲ್ಲೂ ಅಡಗಿ ಕೂತಿರುವುದಿಲ್ಲ, ನಿಜವಾಗಿಯೂ ಹೋಗಿರುತ್ತದೆ. ಕಾಲಂ ಅನ್ನು ಆಮೇಲೆ ಟೆಕ್ಸ್ಟ್ ಮಾಡಿದರೂ ಬರುವುದಿಲ್ಲ. ಹೊಡೆಯುವ ಮುಂಚೆಯೇ ಕಾಲಂ ಆಯ್ಕೆ ಮಾಡಿ ಫಾರ್ಮ್ಯಾಟ್ ಟೆಕ್ಸ್ಟ್ ಅಂತ ಇಡಬೇಕು. ಇಲ್ಲಾ ಸಂಖ್ಯೆಯ ಮುಂದೆ ಒಂದು ಸಿಂಗಲ್ ಕೋಟ್ ಹಾಕಬೇಕು. ಹಾಗೆ ಮಾಡಿದರೆ ಖಾತೆ ಸಂಖ್ಯೆಯ ಮೊದಲಿನ ಸೊನ್ನೆಗಳೂ ಉಳಿಯುತ್ತವೆ.

ಆಧಾರ್ ಸಂಖ್ಯೆ 12 ಅಂಕಿ. ಅದು ಹಾಳಾಗುವುದಿಲ್ಲ, ಆದರೆ ನಡುವೆ ಚುಕ್ಕೆ, ಕೊನೆಗೆ ಇ ಪ್ಲಸ್ 11 ಅಂತ ತೋರಿಸುತ್ತದೆ. ಅದನ್ನು ನೋಡಿ ಗಾಬರಿ ಬೀಳಬೇಡಿ. ಫಾರ್ಮ್ಯಾಟ್ ಬದಲಿಸಿದರೆ ಪೂರ್ತಿ ಕಾಣಿಸುತ್ತದೆ.

ಬೇರೆಯವರ ದುಡ್ಡಿನ ಕೆಲಸ ಮಾಡುವವರು ದಯವಿಟ್ಟು ಇದನ್ನು ಇವತ್ತೇ ನೋಡಿಕೊಳ್ಳಿ. ವರ್ಷ ಪೂರ್ತಿ ಬೆಳೆದ ಮೆಣಸಿನಕಾಯಿಯ ದುಡ್ಡು ಒಂದು ಸೊನ್ನೆಯಿಂದ ಸಿಕ್ಕಿಹಾಕಿಕೊಳ್ಳಬಾರದು.

ಬೆಟಗೇರಿ ಡಿಟಿಪಿ, ಗದಗ

ನಮ್ಮ ಊರನ್ನು ಮುದ್ರಣ ಕಾಶಿ ಅನ್ನುತ್ತಾರೆ. ನಾನು ಇಲ್ಲಿ 14 ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೇನೆ. ದಿನಕ್ಕೆ ಒಬ್ಬರಾದರೂ ಪೆನ್‌ಡ್ರೈವ್ ಹಿಡಿದು ಬಂದು, ‘ಇದರಲ್ಲಿದ್ದ ಕನ್ನಡ ಎಲ್ಲಾ ಹೋಗಿದೆ, ಬರೀ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆ ಇದೆ’ ಅನ್ನುತ್ತಾರೆ. ಒಬ್ಬರು ಅಜ್ಜಿ ತಮ್ಮ ಯಜಮಾನರು ಬರೆದ ವಚನಗಳ ಫೈಲ್ ತಂದಿದ್ದರು. ಮೂರು ಕಡೆ ತೋರಿಸಿದ್ದರಂತೆ, ಎಲ್ಲರೂ ಫೈಲ್ ಕೆಟ್ಟಿದೆ ಅಂದಿದ್ದರಂತೆ. ನಾನು ಎಲ್ಲವನ್ನೂ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದೆ. ಪುಟ ತುಂಬಾ ಕನ್ನಡ ಬಂತು. ಆ ತಾಯಿ ಪರದೆಯನ್ನು ಕೈಯಿಂದ ಮುಟ್ಟಿ ನೋಡಿದರು.

ಆಗಿದ್ದು ಏನು ಅಂದರೆ, ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಮುಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಿಂದಿನ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಫೈಲ್ ಕೆಟ್ಟಿರುವುದಿಲ್ಲ. ನುಡಿ 01 ಇ ಅಥವಾ ಬಿಆರ್‌ಎಚ್ ಕನ್ನಡ, ಯಾವುದರಲ್ಲಿ ಬರೆದಿದ್ದಾರೋ ಆ ಫಾಂಟ್ ಹಾಕಿಕೊಂಡರೆ ಓದಬಹುದು.

ಯೂನಿಕೋಡ್ ಕಥೆ ಬೇರೆ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಮೊಬೈಲ್, ವಾಟ್ಸಾಪ್, ಈ ಚರ್ಚೆ ಎಲ್ಲಾ ಯೂನಿಕೋಡ್. ಅದನ್ನು ಕಾಪಿ ಮಾಡಿ ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್ ಪ್ರೋಗ್ರಾಮಿಗೆ ತಂದು ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಲಗ್ನಪತ್ರಿಕೆ ಸೀಸನ್ನಿನಲ್ಲಿ ಇದೇ ನಮ್ಮ ದೊಡ್ಡ ತಲೆನೋವು. ನುಡಿ, ಬರಹ ಎರಡರಲ್ಲೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕನ್ವರ್ಟರ್ ಇದೆ, ಅದನ್ನು ಬಳಸಿ.

ಆದರೆ ಬದಲಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಎರಡು ಜಾಗದಲ್ಲಿ ತಪ್ಪು ಜಾಸ್ತಿ. ಒಂದು, ಅರ್ಕಾವೊತ್ತು ಮತ್ತು ಒತ್ತಕ್ಷರ. ಎರಡು, ನಡುವೆ ಬಂದ ಇಂಗ್ಲಿಷ್ ಪದಗಳು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವಾಗ ಕನ್ವರ್ಟರಿಗೆ ಯಾವುದು ಇಂಗ್ಲಿಷ್, ಯಾವುದು ಕನ್ನಡ ಅಂತ ಗೊತ್ತಾಗುವುದಿಲ್ಲ. ವರನ ಹೆಸರಿನ ಮುಂದೆ ಹಾಕಿದ್ದ ಡಿಗ್ರಿ ಅರ್ಥವಿಲ್ಲದ ಕನ್ನಡ ಅಕ್ಷರವಾಗಿ ಕೂತಿದ್ದನ್ನು ಕೊನೆಯ ಪ್ರೂಫಿನಲ್ಲಿ ಹಿಡಿದಿದ್ದೇನೆ.

ನನ್ನ ಸಲಹೆ ಇಷ್ಟು. ಮೂಲ ಪ್ರತಿಯನ್ನು ಯಾವಾಗಲೂ ಯೂನಿಕೋಡಿನಲ್ಲಿ ಇಡಿ. ಪ್ರೆಸ್ಸಿಗೆ ಬೇಕಾದಾಗ ಮಾತ್ರ ಅದರ ಒಂದು ಪ್ರತಿಯನ್ನು ಹಳೆಯ ಫಾಂಟಿಗೆ ಬದಲಿಸಿ. ಯೂನಿಕೋಡ್ ಆದರೆ ಹತ್ತು ವರ್ಷ ಬಿಟ್ಟು ಹೆಸರು ಹೊಡೆದು ಹುಡುಕಿದರೂ ಸಿಗುತ್ತದೆ.

ಹಾವೇರಿ ಮೇಷ್ಟ್ರು

ಡಿಟಿಪಿಯವರ ಮಾತು ಸರಿ. ಆದರೂ ಕಷ್ಟ ಹೇಳುತ್ತೇನೆ. ನಮಗೆ ಮೇಲಿನಿಂದ ಬರುವ ನಮೂನೆಗಳು ಕೆಲವು ಸಲ ಇನ್ನೂ ಹಳೆಯ ಫಾಂಟಿನಲ್ಲೇ ಇರುತ್ತವೆ. ಅದೇ ಫಾಂಟಿನಲ್ಲಿ ತುಂಬಿ ಕಳಿಸಿ ಅನ್ನುತ್ತಾರೆ. ಎರಡನ್ನೂ ಕಲಿಯದೇ ಗತಿಯಿಲ್ಲ.

ಟೈಪಿಂಗ್ ಮಾತ್ರ ಎರಡಕ್ಕೂ ಒಂದೇ ಇಟ್ಟುಕೊಂಡಿದ್ದೇನೆ. ಕೆ.ಪಿ. ರಾವ್ ಅವರ ಕೀಲಿಮಣೆ, ಅದನ್ನೇ ನುಡಿಯಲ್ಲೂ ಬಳಸುವುದು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು, ಅಷ್ಟೇ. ‘ಅಕ್ಕ’ ಬೇಕಾದರೆ ಎ, ಕೆ, ಎಫ್, ಕೆ. ಮಕ್ಕಳಿಗೆ ಒಂದು ವಾರದಲ್ಲಿ ಬರುತ್ತದೆ. ನುಡಿ ಹಾಕದ ಕಂಪ್ಯೂಟರ್ ಆದರೆ ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟ್ ಬಂದ ಮೇಲೆ ಕನ್ನಡ ಫೋನೆಟಿಕ್ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿಕೊಂಡು, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿ ಬರಬಹುದು.

ಇನ್ನು ಕರೆಂಟಿನ ವಿಷಯ. ಅಕ್ಕ, ದಯವಿಟ್ಟು ಒಂದು ಯುಪಿಎಸ್ ತಗೊಳ್ಳಿ. 600 ವಿಎ ಇದ್ದರೆ ಸಾಕು, ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತದೆ. ಅದಕ್ಕೆ ಸಿಪಿಯು, ಮಾನಿಟರ್ ಮಾತ್ರ ಜೋಡಿಸಿ. ಲೇಸರ್ ಪ್ರಿಂಟರ್ ಜೋಡಿಸಬೇಡಿ, ಅದು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಯುಪಿಎಸ್ ತಡೆಯುವುದಿಲ್ಲ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ತಿಂಗಳಿಗೊಮ್ಮೆ ಎಲ್ಲಾ ಸೇವ್ ಮಾಡಿಕೊಂಡು, ಗೋಡೆಯ ಸ್ವಿಚ್ ಆರಿಸಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಮಳೆಗಿಂತ ಮುಂಚೆ ಗುಡುಗು ಸಿಡಿಲು. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಇಂಟರ್ನೆಟ್ ಕೇಬಲ್ಲನ್ನೂ ಕೀಳಿ. ನಮ್ಮ ಪಕ್ಕದ ಮನೆಯಲ್ಲಿ ಪ್ಲಗ್ ಕಿತ್ತಿದ್ದರು, ಕೇಬಲ್ ಹಾಗೇ ಬಿಟ್ಟಿದ್ದರು. ಸಿಡಿಲು ಅದರಲ್ಲೇ ಬಂದು ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಸುಟ್ಟಿತು.

ಸಪ್ತಾಪುರ ರೂಮ್ 7, ಧಾರವಾಡ

ಪೆನ್‌ಡ್ರೈವ್ ಅಂದ ಕೂಡಲೇ ಒಂದು ನೆನಪಾಯಿತು. ಪ್ರಿಂಟ್ ತೆಗೆಸಲು ಒಂದು ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟೆ. ರೂಮಿಗೆ ಬಂದು ತೆರೆದರೆ ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಎರಡು ವರ್ಷದ ನೋಟ್ಸ್ ಅದರಲ್ಲಿತ್ತು. ಎದೆ ಧಸಕ್ಕೆಂದಿತು. ಗೆಳೆಯ ಫಾರ್ಮ್ಯಾಟ್ ಮಾಡು ಅಂದ. ಮಾಡದೇ ಇದ್ದದ್ದು ಪುಣ್ಯ.

ಕೇಶ್ವಾಪುರದ ಅಣ್ಣ, ಇದು ಏನು, ಸರಿಯಾಗಿ ಬಿಡಿಸಿ ಹೇಳುತ್ತೀರಾ? ನಾನು ಯಾರನ್ನೋ ಕೇಳಿ ಸರಿ ಮಾಡಿಸಿಕೊಂಡೆ, ಆದರೆ ಅರ್ಥ ಆಗಿಲ್ಲ.

ಕೇಶ್ವಾಪುರ ರಿಪೇರಿ, ಹುಬ್ಬಳ್ಳಿ

ಅದು ಶಾರ್ಟ್‌ಕಟ್ ವೈರಸ್. ನಿಮ್ಮ ಅಸಲಿ ಫೋಲ್ಡರುಗಳನ್ನು ಅದು ಅಳಿಸುವುದಿಲ್ಲ. ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ನಿಲ್ಲಿಸುತ್ತದೆ. ನೀವು ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಆದ್ದರಿಂದ ಮೊದಲ ಕೆಲಸ, ಕ್ಲಿಕ್ ಮಾಡದೇ ಇರುವುದು.

ಫೈಲ್ ಎಕ್ಸ್‌ಪ್ಲೋರರಿನ ವ್ಯೂನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಅಷ್ಟಕ್ಕೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್ ಅನ್ನುವುದರ ಗುರುತು ತೆಗೆಯಿರಿ. ಮಸುಕಾಗಿ ನಿಮ್ಮ ಫೋಲ್ಡರುಗಳು ಕಾಣುತ್ತವೆ, ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರಿನ ಒಳಗೆ. ಬೇಕಾದ್ದನ್ನಷ್ಟೇ ಕಾಪಿ ಮಾಡಿ, ವಿಂಡೋಸ್‌ನ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಮುಗಿದ ಮೇಲೆ ತೆಗೆದ ಗುರುತನ್ನು ವಾಪಸ್ ಹಾಕಿ.

ಅಲ್ಲೇ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಕೂಡ ಆನ್ ಇಟ್ಟುಕೊಳ್ಳಿ. ಹೆಸರಿನ ಕೊನೆಗೆ ಪಿಡಿಎಫ್ ಅಂತ ಇದ್ದು, ಅದಾದ ಮೇಲೆ ಚುಕ್ಕೆ ಇಎಕ್ಸ್‌ಇ ಅಂತ ಇದ್ದರೆ ಅದು ಪಿಡಿಎಫ್ ಅಲ್ಲ, ಪ್ರೋಗ್ರಾಮ್. ಮುಟ್ಟಬೇಡಿ.

ಪೆನ್‌ಡ್ರೈವಿನಿಂದ ಡಿಲೀಟ್ ಮಾಡಿದ್ದು ರೀಸೈಕಲ್ ಬಿನ್‌ಗೆ ಬರುವುದಿಲ್ಲ, ಇದೂ ಗೊತ್ತಿರಲಿ. ಕಂಪ್ಯೂಟರಿನ ಒಳಗೆ ತಪ್ಪಿ ಡಿಲೀಟ್ ಮಾಡಿದರೆ ಅಲ್ಲೇ ಕಂಟ್ರೋಲ್ ಜೆಡ್ ಒತ್ತಿ, ವಾಪಸ್ ಬರುತ್ತದೆ. ಫೈಲಿನ ಹೆಸರು ತಪ್ಪಾಗಿ ಬದಲಿಸಿದ್ದಕ್ಕೂ ಇದೇ.

ರಾಣೆಬೆನ್ನೂರಿನ ಅಜ್ಜ

ನನಗೆ 71 ವರ್ಷ. ಮಗಳು ಬೇರೆ ಊರಿನಲ್ಲಿದ್ದಾಳೆ, ಅವಳ ಹಳೆಯ ಲ್ಯಾಪ್‌ಟಾಪ್ ನನ್ನ ಬಳಿ ಇದೆ. ನೀವೆಲ್ಲ ಬರೆದದ್ದನ್ನು ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಚಕ್ರ ಮೇಲೆ ತಿರುಗಿಸಿ ದೊಡ್ಡದು ಮಾಡಿಕೊಂಡು ಓದಿದೆ. ನನ್ನ ವಯಸ್ಸಿನವರಿಗೆ ಇದನ್ನು ಮೊದಲು ಹೇಳಿಕೊಡಿ. ಮಕ್ಕಳು ಅವಸರದಲ್ಲಿ ಬೇರೆ ಎಲ್ಲಾ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ಗೂಗಲ್ ಡಾಕ್ಸ್‌ನಲ್ಲಿ ಟೂಲ್ಸ್ ಒಳಗೆ ವಾಯ್ಸ್ ಟೈಪಿಂಗ್ ಇದೆ. ಭಾಷೆ ಕನ್ನಡ ಇಟ್ಟು ಮಾತಾಡಿದರೆ ಅದೇ ಬರೆಯುತ್ತದೆ. ನಾನು ಕ್ರೋಮ್‌ನಲ್ಲಿ ತೆರೆದುಕೊಳ್ಳುತ್ತೇನೆ. ಪೂರ್ಣವಿರಾಮ, ಅಲ್ಪವಿರಾಮ ನಾನೇ ಹಾಕುತ್ತೇನೆ. ನಮ್ಮ ಕಡೆ ಹತ್ತಿ ಬೀಜ ಬೆಳೆಸುತ್ತಿದ್ದ ದಿನಗಳ ನೆನಪನ್ನು ದಿನಾ ಅರ್ಧ ತಾಸು ಹೇಳಿ ಬರೆಸುತ್ತಿದ್ದೇನೆ. ನಿಧಾನಕ್ಕೆ, ಬಿಡಿಸಿ ಮಾತಾಡಿದರೆ ತಪ್ಪು ಕಡಿಮೆ. ಬರೆದದ್ದು ತಾನೇ ಸೇವ್ ಆಗುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ.

ಒಂದು ಕೇಳಬೇಕಿತ್ತು. ಮೊನ್ನೆ ಪರದೆ ತುಂಬಾ ಕೆಂಪಾಗಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಬಂತು. ಕುಂಯ್ ಅಂತ ಸದ್ದು ಬೇರೆ. ನಾನು ವಾಯರ್ ಕಿತ್ತುಬಿಟ್ಟೆ. ಸರಿ ಮಾಡಿದೆನಾ?

ವಿದ್ಯಾನಗರದ ಅಕ್ಕ, ಹುಬ್ಬಳ್ಳಿ

ಅಜ್ಜಾರೆ, ಫೋನ್ ಮಾಡಲಿಲ್ಲವಲ್ಲ, ಅದೇ ದೊಡ್ಡದು. ನಮ್ಮ ಓಣಿಯಲ್ಲಿ ಒಬ್ಬರು ಹಾಗೇ ಬಂದ ನಂಬರಿಗೆ ಮಾಡಿ, ಅವರು ಹೇಳಿದ ಪ್ರೋಗ್ರಾಮ್ ಹಾಕಿಕೊಂಡು, ಕಂಪ್ಯೂಟರನ್ನೇ ಅವರ ಕೈಗೆ ಕೊಟ್ಟಂತಾಯಿತು. 40 ಸಾವಿರ ಹೋಯಿತು.

ಕೇಶ್ವಾಪುರ ರಿಪೇರಿ, ಹುಬ್ಬಳ್ಳಿ

ಅಜ್ಜಾರೆ, ನೀವು ಮಾಡಿದ್ದು ಸರಿ. ಅದು ವೈರಸ್ ಅಲ್ಲ, ಬರೀ ಒಂದು ವೆಬ್ ಪುಟ. ಮುಂದಿನ ಸಲ ಬಂದರೆ ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಪೂರ್ತಿ ಪರದೆ ಬಿಟ್ಟು ಕೆಳಗಿಳಿಯುತ್ತದೆ. ಆಮೇಲೆ ಆಲ್ಟ್ ಎಫ್4. ಮತ್ತೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ನಿಜವಾದ ವಿಂಡೋಸ್ ಎಚ್ಚರಿಕೆಯಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ.

ಯಾರದ್ದಾದರೂ ದುಡ್ಡು ಹೋದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ದಾರಿ ಅಷ್ಟು ಇರುತ್ತದೆ. ನಾಚಿಕೆ ಪಟ್ಟುಕೊಂಡು ಮರುದಿನದವರೆಗೆ ಕಾಯಬೇಡಿ.

ಬಲಗಡೆ ಕೆಳಗೆ ಪದೇಪದೇ ವೈರಸ್ ಅಂತ ಸಣ್ಣ ಚೀಟಿ ಬರುತ್ತಿದ್ದರೆ, ಯಾವುದೋ ಸೈಟಿಗೆ ನೋಟಿಫಿಕೇಷನ್ ಅಲೋ ಅಂತ ಒತ್ತಿದ್ದೀರಿ. ಬ್ರೌಸರ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್‌ನಲ್ಲಿ ಆ ಸೈಟಿನ ಹೆಸರು ತೆಗೆದರೆ ನಿಲ್ಲುತ್ತದೆ. ಇಷ್ಟಕ್ಕೇ ಎಷ್ಟೋ ಜನ ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿಸಿಕೊಂಡು ಫೋಟೋ ಕಳೆದುಕೊಂಡಿದ್ದಾರೆ.

ಬ್ಯಾಡಗಿ ಲೆಕ್ಕ

ನಮ್ಮ ಅಂಗಡಿಯ ಕಂಪ್ಯೂಟರ್ ಮಧ್ಯಾಹ್ನ ಎರಡು ಗಂಟೆಯ ಮೇಲೆ ಎತ್ತಿನಗಾಡಿ ಆಗುತ್ತದೆ. ಬೆಳಿಗ್ಗೆ ಚೆನ್ನಾಗೇ ಇರುತ್ತದೆ. ದಿನಾ ಶಟ್‌ಡೌನ್ ಮಾಡುತ್ತೇನೆ. ಡೆಸ್ಕ್‌ಟಾಪಿನಲ್ಲಿ ಎಫ್5 ಒತ್ತಿ ರಿಫ್ರೆಶ್ ಮಾಡುತ್ತೇನೆ. ಆದರೂ ಹೀಗೇ. ಯಾಕೆ?

ಕೇಶ್ವಾಪುರ ರಿಪೇರಿ, ಹುಬ್ಬಳ್ಳಿ

ಎಫ್5 ಒತ್ತಿದರೆ ಪರದೆಯ ಮೇಲಿನ ಐಕಾನುಗಳನ್ನು ಮತ್ತೆ ಬರೆಯುತ್ತದೆ, ಅಷ್ಟೇ. ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶಟ್‌ಡೌನ್ ಬಗ್ಗೆ ಭಾಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಆರುವುದಿಲ್ಲ. ವಿಂಡೋಸ್‌ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಎತ್ತಿಟ್ಟು, ಮರುದಿನ ಅದನ್ನೇ ತೆಗೆದು ಹಾಕುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲಾ ಹೊಸದಾಗಿ ಶುರುವಾಗುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ತೆರೆದು ಅಪ್ ಟೈಮ್ ನೋಡಿ. ದಿನಾ ಆರಿಸುವವರಲ್ಲೂ 20 ದಿನ, 30 ದಿನ ತೋರಿಸುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಇಲ್ಲಾ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಒತ್ತಿ, ಆಗ ಪೂರ್ತಿ ಆರುತ್ತದೆ.

ಆದರೆ ನೀವು ಹೇಳಿದ್ದು ಮಧ್ಯಾಹ್ನದ ಮೇಲೆ ನಿಧಾನ ಅಂತ. ನನಗೆ ಅನುಮಾನ ಬೇರೆ. ಅಂಗಡಿಯ ಒಳಗೇ ಚೀಲ ಸುರಿಯುತ್ತೀರಾ? ಕ್ಯಾಬಿನೆಟ್ಟಿನ ಹಿಂದೆ ಕೈ ಇಟ್ಟು ನೋಡಿ, ಗಾಳಿ ಹೊರಗೆ ಬರುತ್ತಿದೆಯಾ?

ಬ್ಯಾಡಗಿ ಲೆಕ್ಕ

ಈಗಷ್ಟೇ ನೋಡಿದೆ. ಗಾಳಿ ಬರುತ್ತಿಲ್ಲ. ಜಾಲರಿ ಪೂರ್ತಿ ಕೆಂಪಾಗಿದೆ. ಮೇಲೆ ಟವೆಲ್ ಬೇರೆ ಹೊದಿಸಿದ್ದೇವೆ, ಧೂಳು ಬೀಳಬಾರದು ಅಂತ.

ಕೇಶ್ವಾಪುರ ರಿಪೇರಿ, ಹುಬ್ಬಳ್ಳಿ

ಟವೆಲ್ ಕೂಡಲೇ ತೆಗೆಯಿರಿ. ಆರಿಸಿದ ಮೇಲೆ ಹೊದಿಸಿ, ಓಡುವಾಗ ಬೇಡ. ಒಳಗೆ ಕಾವು ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದೇ ನಿಮ್ಮ ಎರಡು ಗಂಟೆಯ ಕಥೆ.

ಪ್ಲಗ್ ಕಿತ್ತು, ಕ್ಯಾಬಿನೆಟ್ ಅನ್ನು ಅಂಗಡಿಯ ಹೊರಗೆ ಒಯ್ದು ಪಕ್ಕದ ಮುಚ್ಚಳ ಬಿಚ್ಚಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ಜೋರಿಗೆ ಅದು ಗಿರ್ರನೆ ತಿರುಗಿದರೆ ಹಾಳಾಗುತ್ತದೆ. ಮೆಣಸಿನಕಾಯಿ ಧೂಳು ಅಂದ ಮೇಲೆ ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಮರೆಯಬೇಡಿ. ಒದ್ದೆ ಬಟ್ಟೆ ಒಳಗೆ ಮುಟ್ಟಿಸಬೇಡಿ. ಕ್ಯಾಬಿನೆಟ್ ನೆಲದ ಮೇಲಿದ್ದರೆ ಒಂದು ಸ್ಟೂಲಿನ ಮೇಲಿಡಿ. ಸೀಸನ್ನಿನಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿ.

ಇದರ ಜೊತೆ ಇನ್ನೊಂದನ್ನು ಗಮನಿಸಿ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಅಂತ ಸದ್ದು ಕೇಳಿದರೆ ಆ ಕ್ಷಣವೇ ಆರಿಸಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಸದ್ದು ಬಂದ ಮೇಲೆ ಓಡಿಸಿದಷ್ಟೂ ಒಳಗಿನದ್ದು ಸಿಗುವ ದಾರಿ ಮುಚ್ಚುತ್ತದೆ. ಮದುವೆ ಫೋಟೋ, ಮಗುವಿನ ಫೋಟೋ ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡು, ಅದು ನಿಂತ ಮೇಲೆ ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ. ಕೈ ಮುಗಿದು ಕೇಳುತ್ತೇನೆ, ಬೇಕಾದ್ದನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಡಿ, ಒಂದು ಪ್ರತಿ ಆ ಮನೆಯಿಂದ ಹೊರಗೆ ಇರಲಿ. ತಂಗಿಯ ಮನೆಯಲ್ಲಾದರೂ ಸರಿ, ಇಂಟರ್ನೆಟ್ಟಿನಲ್ಲಾದರೂ ಸರಿ.

ಲಕ್ಷ್ಮೇಶ್ವರದ ಹುಡುಗಿ

ಹೊಸ ಲ್ಯಾಪ್‌ಟಾಪ್ ತಗೊಂಡವರಿಗೆ ಒಂದು ಮಾತು. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ಬೀಗ ತಾನೇ ಬೀಳುವುದುಂಟು. ನನ್ನದು ಒಂದು ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳಿತು. ಮರುದಿನ ಪ್ರಾಜೆಕ್ಟ್ ಕೊಡಬೇಕಿತ್ತು. ಆ ಕೀ ನನ್ನ ಮೈಕ್ರೋಸಾಫ್ಟ್ ಖಾತೆಯ ಒಳಗೇ ಇತ್ತು. ಅಪ್ಪನ ಮೊಬೈಲಿನಲ್ಲಿ ಲಾಗಿನ್ ಆಗಿ, ಒಂದೊಂದೇ ಅಂಕಿ ಓದಿಸಿ ಹೊಡೆದೆ. ನೀವು ಈಗಲೇ ಆ ಕೀಯನ್ನು ಒಂದು ಕಾಗದದಲ್ಲಿ ಬರೆದು ಅಂಕಪಟ್ಟಿ ಇಡುವ ಫೈಲಿನಲ್ಲಿ ಇಟ್ಟುಬಿಡಿ.

ಸಪ್ತಾಪುರ ರೂಮ್ 7, ಧಾರವಾಡ

ಅರ್ಜಿ ಹಾಕುವವರಿಗೆ. ಫೋಟೋ 50 ಕೆಬಿ ಒಳಗೆ ಇರಬೇಕು ಅಂತ ಕೇಳಿದರೆ ಅಂಗಡಿಗೆ ಹೋಗಬೇಕಿಲ್ಲ. ಪೇಂಟ್‌ನಲ್ಲಿ ತೆರೆದು ಕಂಟ್ರೋಲ್ ಡಬ್ಲ್ಯು ಒತ್ತಿ ಅಳತೆ ಇಳಿಸಿ, ಜೆಪಿಜಿ ಆಗಿ ಸೇವ್ ಆ್ಯಸ್ ಮಾಡಿ. ಅಸಲಿ ಫೋಟೋದ ಮೇಲೆ ಸೇವ್ ಮಾಡಬೇಡಿ. ಪ್ರಿಂಟ್ ಅಂಗಡಿಯಲ್ಲಿ ಮೇಲ್ ತೆರೆಯಲೇಬೇಕಾದರೆ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೋ, ಅಂದರೆ ಮುಚ್ಚಿದ ಮೇಲೆ ಲಾಗಿನ್ ಉಳಿಯದ ಕಿಟಕಿಯಲ್ಲಿ ತೆರೆಯಿರಿ, ಕೆಲಸ ಮುಗಿದ ಮೇಲೆ ಆ ಕಿಟಕಿ ಮುಚ್ಚಿಯೇ ಏಳಿ. ವಾಟ್ಸಾಪ್ ವೆಬ್ ಬಳಸಿದ್ದರೆ ಮೊಬೈಲಿನ ಲಿಂಕ್ಡ್ ಡಿವೈಸಸ್‌ನಿಂದ ಲಾಗ್ ಔಟ್ ಮಾಡಿ.

ಬೆಟಗೇರಿ ಡಿಟಿಪಿ, ಗದಗ

ಅಕ್ಕ, ಬಿಲ್ಲು ಸಿಕ್ಕವಾ? ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ.

ವಿದ್ಯಾನಗರದ ಅಕ್ಕ, ಹುಬ್ಬಳ್ಳಿ

ಸಿಕ್ಕವು ರೀ! ಎಕ್ಸೆಲ್ ತೆರೆದಾಗ ಪಟ್ಟಿ ಮತ್ತೆ ಬರಲಿಲ್ಲ. ಕೇಶ್ವಾಪುರದವರು ಹೇಳಿದ ಎರಡನೇ ದಾರಿಯಲ್ಲಿ ಹೋದೆ. ಆ ಫೋಲ್ಡರಿನಲ್ಲಿ ಮೂರು ಫೈಲ್ ಇದ್ದವು, ಒಂದರ ಮುಂದೆ ನಿನ್ನೆ ಸಂಜೆ 5:50 ಅಂತ ಇತ್ತು. ಕೈ ನಡುಗುತ್ತಿತ್ತು. ತೆರೆದರೆ 287ನೇ ಬಿಲ್ಲಿನವರೆಗೆ ಇದೆ. ಮೊದಲು ಸೇವ್ ಆ್ಯಸ್ ಮಾಡಿದೆ, ಆಮೇಲೆ ಎದ್ದು ಹೋಗಿ ನೀರು ಕುಡಿದೆ.

ಆಟೋರಿಕವರ್ 2 ನಿಮಿಷಕ್ಕೆ ಇಟ್ಟಿದ್ದೇನೆ. ಬ್ಯಾಡಗಿಯವರ ಮಾತು ಓದಿ ಖಾತೆ ಸಂಖ್ಯೆಗಳ ಹಾಳೆ ತೆಗೆದು ನೋಡಿದೆ, ನನ್ನಲ್ಲೂ ನಾಲ್ಕು ಕಡೆ ಕೊನೆಗೆ ಸೊನ್ನೆ ಆಗಿತ್ತು. ಅಂಗಡಿಯವರಿಗೆ ಫೋನ್ ಮಾಡಿ ಪಾಸ್‌ಬುಕ್ ಫೋಟೋ ಕಳಿಸಿ ಅಂದಿದ್ದೇನೆ. ಯುಪಿಎಸ್ ತರಲು ತಮ್ಮ ಸಂಜೆ ಕೊಪ್ಪಿಕರ್ ರಸ್ತೆಗೆ ಹೋಗುತ್ತಾನೆ. ಈಗ 288ನೇ ಬಿಲ್ಲಿನಿಂದ ಹೊಡೆಯಲು ಕೂತಿದ್ದೇನೆ, ಫೈಲಿಗೆ ಹೆಸರು ಕೊಟ್ಟೇ.